ಬಣ್ಣ ನೋಡಿ ಕೊಟ್ಟ ಮಾತ್ರೆ

ಹೊಲಿಗೆ ಕೋಣೆಯಲ್ಲಿ ಸೂಜಿ ಚುಚ್ಚುವುದು ಹೊಸದೇನಲ್ಲ. ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಮೆಷಿನ್ ತುಳಿಯುತ್ತಾರೆ. ಸೊಸೆಯೂ ಹಾಗೇ ಮಾಡಿದಳು. ಆದರೆ ಆ ಬೆರಳು ಊದಿ, ಕೆಂಡದಂತೆ ಸುಡತೊಡಗಿದಾಗ ಅತ್ತೆ ಮದ್ದು ಹುಡುಕಲು ಎದ್ದಳು.

ಅತ್ತೆ ಅದೇ ಕೋಣೆಯಲ್ಲಿ ಗುಂಡಿಯ ಕಾಜಾ ಹೊಲಿಯುವವಳು. ಅಲ್ಲಿಯ ಹೆಂಗಸರದ್ದೊಂದು ರೂಢಿಯಿತ್ತು. ಯಾರಿಗೆ ಕಾಯಿಲೆ ವಾಸಿಯಾದರೂ ಉಳಿದ ಮಾತ್ರೆಗಳನ್ನು ಗೂಡಿನಲ್ಲಿದ್ದ ಡಬ್ಬಿಗೆ ಹಾಕುವರು. ನಾಳೆ ಇನ್ಯಾರಿಗೋ ಆದೀತು ಎಂಬ ಒಳ್ಳೆಯ ಮನಸ್ಸು. ಮಾತ್ರೆಯ ಹಾಳೆಯಿಂದ ಕತ್ತರಿಸಿದ ಚೂರುಗಳ ಮೇಲೆ ಮದ್ದಿನ ಹೆಸರು ಎಲ್ಲಿಂದ ಬರಬೇಕು? ಅತ್ತೆಯದು ಬಟ್ಟೆಗೆ ದಾರ ಹೊಂದಿಸುವ ಕಣ್ಣು. ಹಿಂದೊಮ್ಮೆ ತನ್ನ ಕೆಮ್ಮು ನಿಲ್ಲಿಸಿದ ಕೆಂಪು-ಹಳದಿ ಮಾತ್ರೆಗೆ ಹೊಂದುವಂಥವನ್ನೇ ಹುಡುಕಿ ಸೊಸೆಗೆ ನುಂಗಿಸಿದಳು. ಅವು ಮುಗಿದಾಗ ಬರೀ ಹಳದಿಯವು.

ಕುಪ್ಪಸದ ತೋಳು ಸಡಿಲ ಮಾಡಿಸಿಕೊಳ್ಳಲು ಬಂದ ಊರಿನ ನರ್ಸಮ್ಮ ಸೊಸೆಯ ಕೈ ನೋಡಿ ಅಲ್ಲೇ ನಿಂತರು. ಬೆರಳಿನಿಂದ ಹೊರಟ ಕೆಂಪು ಗೆರೆಯೊಂದು ಮಣಿಕಟ್ಟು ದಾಟಿ ಮೇಲೇರಿತ್ತು. ಹುಡುಗಿ ಜ್ವರದಿಂದ ನಡುಗುತ್ತಿದ್ದಳು.

"ಇದಕ್ಕೆ ಯಾವ ಮಾತ್ರೆ ಕೊಟ್ರಿ?" ಎಂದು ಅತ್ತೆಯನ್ನು ಕೇಳಿದರು.

"ಕೆಂಪು-ಹಳದೀದು."

"ಅದು ಬಣ್ಣ ಆಯ್ತು. ಹೆಸರು?"

ಅತ್ತೆಗೆ ಗೊತ್ತಿರಲಿಲ್ಲ. ನರ್ಸಮ್ಮ ಆಸ್ಪತ್ರೆ ಎಂದೊಡನೆ ಅವಳು ಸೊಸೆಯ ಕೈಯನ್ನು ತನ್ನ ಸೆರಗಿನಲ್ಲಿ ಮುಚ್ಚಿದಳು. "ಬೇಡ ಕಣಮ್ಮ. ಹೋದರೆ ಬೆರಳನ್ನೇ ತೆಗೆದುಬಿಡ್ತಾರೆ."

"ಹೋಗದಿದ್ರೆ ಬೆರಳಲ್ಲ, ಜೀವಕ್ಕೇ ಕುತ್ತು ಬರುತ್ತೆ. ಏಳಿ," ಎಂದರು ನರ್ಸಮ್ಮ.

ಅಂಗಡಿಯ ಇಸ್ತ್ರಿಯವನು ಯಾರೂ ಹೇಳುವ ಮೊದಲೇ ಓಡಿಹೋಗಿ ಆಟೋ ತಂದ. ನರ್ಸಮ್ಮ ತಮ್ಮ ಶಾಲು ಮಡಚಿ ಆ ಕೈಗೆ ದಿಂಬು ಮಾಡಿದರು.

ಆಸ್ಪತ್ರೆಯಲ್ಲಿ ಡಾಕ್ಟರೂ ಅದನ್ನೇ ಕೇಳಿದರು, ಯಾವ ಮಾತ್ರೆ ಎಂದು. ಅತ್ತೆ ಮತ್ತೆ ಬಣ್ಣವನ್ನೇ ಹೇಳಿದಳು. ಒಳಗೆ ಬೆರಳು ಕೊಯ್ದು ಕೀವು ತೆಗೆಯುತ್ತಿದ್ದಾಗ ಸೊಸೆಯ ನರಳಾಟ ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು. ಅತ್ತೆಯ ಕೈ ಹಿಡಿದುಕೊಂಡು ನರ್ಸಮ್ಮ ಮೆಲ್ಲಗೆ ಹೇಳಿದರು:

"ರೋಗಾಣುವನ್ನ ಕಣ್ಣಿಗೆ ಕಾಣದ ಹೊಲಿಗೆ ಅಂಗಡಿ ಅಂದ್ಕೊಳ್ಳಿ. ಆ್ಯಂಟಿಬಯೋಟಿಕ್ ಮಾತ್ರೆಗಳಲ್ಲಿ ಒಂದು ಜಾತಿಯ ಮದ್ದು ಅದರ ಹೊರಗೋಡೆಯನ್ನ ಬಿಚ್ಚುತ್ತೆ, ಅದು ಒಡೆದು ಸಾಯುತ್ತೆ. ಇನ್ನೊಂದು ಒಳಗಿನ ಮೆಷಿನ್ ನಿಲ್ಲಿಸುತ್ತೆ, ಬದುಕೋಕೆ ಬೇಕಾದ ಪ್ರೋಟೀನ್ ತಯಾರಾಗಲ್ಲ. ಮತ್ತೊಂದು, ತನ್ನಂಥ ಇನ್ನೊಂದನ್ನ ಮಾಡ್ಕೊಳ್ಳೋ ಅಳತೆ ಕಾಗದಕ್ಕೇ ಕೈಹಾಕುತ್ತೆ."

"ಯಾವುದಾದ್ರೂ ಒಂದು ನಾಟಬೇಕಿತ್ತಲ್ಲ?"

"ಎಲ್ಲಾ ಅಂಗಡಿ ಒಂದೇ ಥರ ಇರಲ್ಲ ಅಮ್ಮ. ಕೆಲವಕ್ಕೆ ಆ ಗೋಡೆಯೇ ಇಲ್ಲ. ಕೆಲವು ಮದ್ದನ್ನೇ ಕತ್ತರಿಸಿ ಬಿಸಾಕ್ತವೆ. ಅರೆಬರೆ ಮದ್ದು ಬಿದ್ರೆ ಬಡಪಾಯಿಗಳು ಸಾಯ್ತವೆ, ಗಟ್ಟಿಪಿಂಡಗಳು ಉಳಿದು ಸಂಸಾರ ಬೆಳೆಸ್ತವೆ, ಆಮೇಲೆ ಆ ಮದ್ದಿಗೆ ಜಗ್ಗಲ್ಲ."

"ನನ್ನ ಕೆಮ್ಮು ಹೋಯ್ತಲ್ಲ?"

"ಅದು ಶೀತದ ಕೆಮ್ಮು, ವೈರಸ್ಸಿಂದು. ಇವುಗಳಲ್ಲಿ ಯಾವ ಮದ್ದೂ ಅದನ್ನ ಮುಟ್ಟಲ್ಲ. ತಾನಾಗೇ ಹೋಯ್ತು, ಹೆಸರು ಮಾತ್ರೆಗೆ ಬಂತು."

ಅತ್ತೆ ಬಾಗಿಲನ್ನೇ ನೋಡುತ್ತಿದ್ದಳು.

ಕೀವನ್ನು ಪರೀಕ್ಷೆಗೆ ಕಳಿಸಿ, ನರದ ಮೂಲಕ ಮದ್ದು ಕೊಡಲಾರಂಭಿಸಿದರು. ಫಲಿತಾಂಶ ಬಂದಾಗ ತಿಳಿಯಿತು, ಡಬ್ಬಿಯಿಂದ ತರಿಸಿ ಔಷಧದಂಗಡಿಯವನಿಂದ ಗುರುತು ಹಿಡಿಸಿದ್ದ ಹಳದಿ ಮಾತ್ರೆ ಆ ರೋಗಾಣುವಿಗೆ ತಾಗುವಂಥದ್ದೇ ಅಲ್ಲ. ಡಾಕ್ಟರು ತಾಗುವ ಮದ್ದನ್ನೇ ಮುಂದುವರಿಸಿದರು. ಕೆಂಪು ಗೆರೆ ನಿಧಾನವಾಗಿ ಕೆಳಗಿಳಿಯಿತು. ಅಲ್ಲಿಯವರೆಗೆ ಅತ್ತೆ ಬೆಳಗಾದರೆ ಮೊದಲು ನೋಡುತ್ತಿದ್ದುದು ಆ ಗೆರೆಯನ್ನೇ.

ಮನೆಗೆ ಬಂದ ಮೇಲೆ ಸೊಸೆ, ಈಗ ಚೆನ್ನಾಗಿದ್ದೀನಲ್ಲ, ಮಾತ್ರೆ ಸಾಕು ಎಂದಳು. ಅತ್ತೆ ನೀರಿನ ಲೋಟ ಹಿಡಿದು ನಿಂತೇ ಇದ್ದಳು. "ಸಾಕೋ ಬೇಕೋ ಡಾಕ್ಟರು ಹೇಳ್ಲಿ. ನುಂಗು ತಾಯಿ."

ಬೆರಳು ಉಳಿಯಿತು. ತುದಿ ಮಾತ್ರ ಮಡಚುವುದಿಲ್ಲ. ಸೊಸೆಯ ಸೂಜಿಗೆ ದಾರ ಪೋಣಿಸಿಕೊಡುವುದು ಈಗ ಅತ್ತೆಯ ಕೆಲಸ.

ಅಕ್ಕತಂಗಿಯರೇ, ಆ್ಯಂಟಿಬಯೋಟಿಕ್ ಮಾತ್ರೆಯನ್ನು ಪ್ರೀತಿಯಿಂದ ಕೂಡ ಹಂಚಿಕೊಳ್ಳಬೇಡಿ. ವೈದ್ಯರನ್ನು ಕೇಳದೆ ನುಂಗಬೇಡಿ, ಅವರನ್ನು ಕೇಳದೆ ನಡುವೆ ಬಿಡಬೇಡಿ. ಗಾಯ ಊದಿ ಕೆಂಪು ಗೆರೆ ಮೇಲೇರಿದರೆ, ಜ್ವರ ಬಂದರೆ, ಆಗಲೇ ಆಸ್ಪತ್ರೆಗೆ ಹೊರಡಿ. ನಿಮ್ಮ ಮನೆಯವರಿಗೆ ಜೀವ ಹೋಗುವಂತಾದ ದಿನ ಆ ಮದ್ದು ಕೆಲಸ ಮಾಡಬೇಕಲ್ಲವೇ?