ಸರ್ಕಾರದೆದುರು ಹೇಳಿದ ಹೆಸರು

ಆದಿವಾಲದ ಗುಡ್ಡಪ್ಪ ಮದುವೆಯಾದ ದಿನದಿಂದ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. ಆ ಪದ್ಧತಿಯೇ ಅವರಲ್ಲಿ ಇರಲಿಲ್ಲ. ಗಂಡಸು ‘ಲೇ ಇವಳೇ’ ಅನ್ನಬೇಕು, ಹೆಂಗಸು ‘ಮಾರಣ್ಣನ ಅಪ್ಪ’ ಅನ್ನಬೇಕು. ಮಗ ಮಾರಣ್ಣ ಹುಟ್ಟುವ ತನಕ ಅದೂ ಇಲ್ಲ, ಬರೀ ಕೆಮ್ಮಿನಲ್ಲೇ ಸಂಸಾರ ನಡೆದಿತ್ತು. ಹೆಸರು ಹೇಳಿದರೆ ಆ ಹೆಸರಿನವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ಹಿರಿಯರು ಹೆದರಿಸಿಟ್ಟಿದ್ದರು. ಹೀಗಾಗಿ ಕಾಳಕ್ಕ ಎಂಬ ಹೆಸರು ಅವಳ ತವರಿನಲ್ಲಿ, ನೆರೆಮನೆಗಳಲ್ಲಿ, ಹಿರಿಯೂರಿನ ಸಂತೆಯಲ್ಲಿ ಎಲ್ಲ ಕಡೆ ಓಡಾಡಿಕೊಂಡಿತ್ತು, ಗಂಡನ ಬಾಯಿಗೆ ಮಾತ್ರ ಬಂದಿರಲಿಲ್ಲ. ಅದರಿಂದ ಅವರ ಬಾಳಿಗೆ ಏನೂ ಕೊರತೆಯಾಗಲಿಲ್ಲ. ಹೆಂಡತಿಯ ಹೆಸರು ಕರೆದು ಕರೆದು ಹೊಡೆಯುವ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎಪ್ಪತ್ತೆರಡನೆಯ ಇಸವಿಯ ಸುಮಾರಿಗೆ ಒಂದು ಸಂಜೆ ಗುಡ್ಡಪ್ಪ ಕುರಿಮಂದೆಯನ್ನು ಅಡವಿಯಲ್ಲೇ ಬಿಟ್ಟು ಬರಿಗೈಲಿ ಬಂದು ಉಣ್ಣಲು ಕೂತ. ಕುರಿ ಎಲ್ಲಿ ಅಂದರೆ ಯಾವ ಕುರಿ ಅಂದ. ಮರಿಯ ಮುಖ ನೋಡಿ ಅದರ ತಾಯಿ ಯಾವುದು ಎಂದು ಹೇಳುತ್ತಿದ್ದ ಮನುಷ್ಯ ಅವನು. ಮೊದಮೊದಲು ಊರು ನಕ್ಕಿತು, ಅರವತ್ತಕ್ಕೆ ಅರಳುಮರಳು ಅಂದಿತು. ನಗು ಹಳತಾದ ಮೇಲೆ ಬೇರೆ ಮಾತು ಶುರುವಾಯಿತು. ದೇವರಿಗೆ ಬಿಟ್ಟ ಟಗರನ್ನು ಕದ್ದು ಮಾರಿರಬೇಕು, ಅದಕ್ಕೇ ದೇವರು ಬುದ್ಧಿ ಕಿತ್ತುಕೊಂಡಿದ್ದಾನೆ ಎಂದು ಕಟ್ಟೆಯ ಮೇಲೆ ಕೂತವರು ತೀರ್ಪು ಕೊಟ್ಟರು. ಕಟ್ಟೆಯ ಮೇಲೆ ಕೂತವರಿಗೆ ತೀರ್ಪು ಕೊಡುವುದು ಬಿಟ್ಟರೆ ಬೇರೆ ಕೆಲಸ ಏನಿತ್ತು?

ಕಾಳಕ್ಕ ಗಂಡನ ಮಾನ ಕಾಯಲು ನಿಂತಳು. ಬೀಗರು ಬಂದರೆ ಅವರು ಕಾಲು ತೊಳೆಯುವಷ್ಟರಲ್ಲಿ ಒಳಗೆ ಬಂದು, ಬಂದವರು ಯಾರು, ಅವರ ಮನೆಯಲ್ಲಿ ಯಾವ ಎಮ್ಮೆ ಈದಿದೆ ಎಂದು ಗಂಡನ ಕಿವಿಯಲ್ಲಿ ಹೇಳುತ್ತಿದ್ದಳು. ಗುಡ್ಡಪ್ಪ ಹೊರಗೆ ಬಂದು ಗತ್ತಿನಿಂದಲೇ ಎಮ್ಮೆಯ ಯೋಗಕ್ಷೇಮ ವಿಚಾರಿಸುತ್ತಿದ್ದ. ಬಂದವರು ಹಿರಿಯರು ಚೆನ್ನಾಗೇ ಇದ್ದಾರಲ್ಲ ಎಂದುಕೊಂಡು ಹೋಗುತ್ತಿದ್ದರು. ಹಿರೀಕರನ್ನು ಪರರ ಮುಂದೆ ಬಿಟ್ಟುಕೊಡಬಾರದು ಎಂಬುದು ಅವಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ.

ಆದರೆ ಹೊತ್ತು ಇಳಿಯುವುದನ್ನು ಮುಚ್ಚಿಡಲು ಅವಳಿಂದ ಆಗುತ್ತಿರಲಿಲ್ಲ. ಬಿಸಿಲು ಕೆಂಪಾಗುತ್ತಿದ್ದಂತೆ ಗುಡ್ಡಪ್ಪ ಕೋಲು ಹುಡುಕಿಕೊಂಡು ಎದ್ದುಬಿಡುತ್ತಿದ್ದ, ಕುರಿ ತರುಬಬೇಕು, ರಾತ್ರಿಗೆ ಒಂದೆಡೆ ಕೂಡಿಹಾಕಬೇಕು ಎಂದು ಹೊರಡುತ್ತಿದ್ದ. ಒಂದು ಸಲ ಮಾರಿಕಣಿವೆಯ ನಾಲೆಯಲ್ಲಿ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಯಾವುದೋ ಕುರಿಯನ್ನು ಕೂಗುತ್ತಿದ್ದವನನ್ನು ಗದ್ದೆಯವರು ಎಳೆದು ತಂದರು. ಅವತ್ತು ಮಾರಣ್ಣ ಅಟ್ಟದಿಂದ ಕತ್ತಾಳೆ ಹಗ್ಗ ತೆಗೆದ. ಅದು ಗುಡ್ಡಪ್ಪನೇ ಹೊಸೆದಿದ್ದ ಹಗ್ಗ.

“ಕಟ್ಟಿ ಹಾಕಾಣ ಅವ್ವ,” ಅಂದ ಮಾರಣ್ಣ. ಅವನ ಕಣ್ಣಲ್ಲೂ ನೀರಿತ್ತು. “ನಾನು ಮಂದೆ ಹೊಡ್ಕಂಡು ಹೊಸದುರ್ಗದ ಕಡೆ ಹೋಗ್ತೀನಿ. ನೀನು ಶೇಂಗಾ ಕೀಳಾಕೆ ಹೋಗ್ತೀಯ. ನೋಡೋರು ಯಾರವ್ರೆ?”

“ಟಗರು ಕಟ್ಟಿದಂಗೆ ನಿಮ್ಮಪ್ಪನ್ನ ಕಟ್ತೀಯೇನಲೇ?” ಅಂದಳು ಕಾಳಕ್ಕ. “ನನ್ನ ಜೀವ ಇರೋ ತನಕ ಅದೊಂದು ಆಗಬಾರ್ದು.”

ಮಗ ಹಗ್ಗವನ್ನು ಮತ್ತೆ ಅಟ್ಟಕ್ಕೆ ಎಸೆದ. ಅಂದಿನಿಂದ ಅವಳಿಗೆ ಇದ್ದದ್ದು ಅದೊಂದೇ ಚಿಂತೆ, ಆ ಹಗ್ಗ ಕೆಳಗೆ ಇಳಿಯಬಾರದು.

ಅದನ್ನು ಇಳಿಯಗೊಡದೆ ಒಂದೂವರೆ ವರ್ಷ ತಡೆದದ್ದು ಸರ್ಕಾರದ ಅನುದಾನ. ದುರ್ಗದ ಜಿಲ್ಲಾ ಆಸ್ಪತ್ರೆಗೆ ಗೋವಿಂದಪ್ಪ ಎಂಬ ಡಾಕ್ಟರು ಬಂದಿದ್ದರು, ಹೊಳಲ್ಕೆರೆ ಕಡೆಯ ತಾಳ್ಯದವರು. ಅವರ ತಾಯಿ ಕೊನೆಗಾಲದಲ್ಲಿ ಮಗನನ್ನೇ ಮರೆತು, ನಮ್ಮ ಹುಡುಗ ಇಸ್ಕೂಲಿಂದ ಬಂದಿಲ್ಲ, ಸ್ವಲ್ಪ ನೋಡ್ಕಂಡು ಬರ್ರಿ ಎಂದು ಮಗನ ಹತ್ತಿರವೇ ಗೋಗರೆಯುತ್ತಿದ್ದರಂತೆ. ಮುದುಕರ ಈ ಮರೆವು ವಯಸ್ಸಿನ ಗುಣವಲ್ಲ, ಮಿದುಳಿನ ಒಂದು ಕಾಯಿಲೆ, ನಮ್ಮ ಹಳ್ಳಿಗಳಲ್ಲಿ ಅದು ಎಷ್ಟಿದೆ ಎಂದು ಯಾರೂ ನೋಡಿಯೇ ಇಲ್ಲ ಎಂದು ಆ ಡಾಕ್ಟರು ದಿಲ್ಲಿಗೆ ಬರೆದು ಬರೆದು ಸುಸ್ತಾದರು. ಕೊನೆಗೆ ದಿಲ್ಲಿ ಒಪ್ಪಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ ಆ ದುಡ್ಡು ಒಂದೊಂದು ಕಚೇರಿಯಲ್ಲೂ ದಣಿವಾರಿಸಿಕೊಂಡು ಬಂತು. ಅದರಲ್ಲಿ ಆಸ್ಪತ್ರೆಯ ಹಿಂದಿನ ಒಂದು ಕೋಣೆಗೆ ಸುಣ್ಣ ಬಳಿಸಿ ಮಂಚ ಹಾಕಿಸಿದರು, ಬಾಗಿಲಿಗೆ ಅಡ್ಡಗೇಟು ಇಡಿಸಿದರು, ಹನುಮಮ್ಮ ಎಂಬ ಆಯಾಳನ್ನು ನೇಮಿಸಿಕೊಂಡರು. ರೋಗಿಯ ಜೊತೆ ಮನೆಯವರೊಬ್ಬರು ಇರಬಹುದಿತ್ತು, ಇಬ್ಬರಿಗೂ ಊಟ ಸಿಗುತ್ತಿತ್ತು.

ಗುಡ್ಡಪ್ಪನನ್ನು ಅಲ್ಲಿ ಸೇರಿಸಿಕೊಂಡ ಮೊದಲ ದಿನವೇ ಡಾಕ್ಟರು ಕಾಳಕ್ಕನಿಗೆ ಒಂದು ಮಾತು ಹೇಳಿದರು. ಇದು ಕಾಯಿಲೆ, ಶಾಪವಲ್ಲ, ನಿಮ್ಮ ಯಜಮಾನರು ಯಾವ ದೇವರಿಗೂ ಮೋಸ ಮಾಡಿಲ್ಲ ಅಂದರು. ಇದಕ್ಕೆ ಔಷಧಿ ಇಲ್ಲ ಎಂದೂ ಹೇಳಿದರು. ಆದರೆ ಕಾಳಕ್ಕ ಮೊದಲನೆಯ ಮಾತಿಗೇ ಎಷ್ಟು ಅತ್ತಳೆಂದರೆ ಎರಡನೆಯದು ಅವಳ ಕಿವಿಯ ಮೇಲೆ ಬಿತ್ತೋ ಇಲ್ಲವೋ.

ಅಲ್ಲಿ ಗುಡ್ಡಪ್ಪ ಹಾಯಾಗಿದ್ದ. ಬೆಳಿಗ್ಗೆ ಇಬ್ಬರೂ ಚಂದ್ರವಳ್ಳಿಯ ಕಡೆ ನಡೆದು ಬರುತ್ತಿದ್ದರು. ಆಮೇಲೆ ಅವನು ಕಿಟಕಿ ಪಕ್ಕದಲ್ಲಿ ಕೂತು ಕದಿರು ತಿರುಗಿಸಿ ಉಣ್ಣೆ ನೂಲುತ್ತಿದ್ದ. ತಲೆ ಮರೆತದ್ದನ್ನು ಬೆರಳು ಮರೆತಿರಲಿಲ್ಲ. ಸಂಜೆ ಎದ್ದರೆ ಗೇಟು ತಡೆಯುತ್ತಿತ್ತು, ಹನುಮಮ್ಮ ಕುರಿ ಎಲ್ಲ ತರುಬಿ ಆಯ್ತು, ಕುಂತ್ಕಳ್ರಿ ಎಂದು ಚಹಾ ಕೊಡುತ್ತಿದ್ದಳು.

ತಿಂಗಳಿಗೊಮ್ಮೆ ಡಾಕ್ಟರು ಎದುರು ಕೂತು ಪ್ರಶ್ನೆ ಕೇಳುತ್ತಿದ್ದರು. ಇದು ಯಾವ ಊರು, ಈಗ ಯಾವ ತಿಂಗಳು, ಮಕ್ಕಳೆಷ್ಟು, ಹೆಂಡತಿಯ ಹೆಸರೇನು. ಕಡೆಯ ಪ್ರಶ್ನೆ ಬಂದಾಗ ಮೊದಲ ವರ್ಷ ಗುಡ್ಡಪ್ಪ ತಲೆ ತಗ್ಗಿಸಿ ಮೀಸೆಯಲ್ಲೇ ನಗುತ್ತಿದ್ದ. ಡಾಕ್ಟರೂ ನಕ್ಕು, ಉತ್ತರ ಬರಲಿಲ್ಲ ಎಂದು ಬರೆದುಕೊಳ್ಳುತ್ತಿದ್ದರು. ಅವರಿಗೆ ನಮ್ಮ ಕಡೆಯ ರೀತಿ ಗೊತ್ತಿತ್ತು, ಆದರೆ ಪ್ರಶ್ನೆ ದಿಲ್ಲಿಯಿಂದ ಬಂದದ್ದು. ಎರಡನೆಯ ವರ್ಷ ಆ ನಗು ನಿಂತುಹೋಯಿತು. ಗುಡ್ಡಪ್ಪ ಸುಮ್ಮನೆ ಗೋಡೆ ನೋಡುತ್ತಿದ್ದ. ಕಾಗದದಲ್ಲಿ ಎರಡೂ ಒಂದೇ, ಉತ್ತರ ಬರಲಿಲ್ಲ. ನಾಚಿ ಹೇಳದಿರುವುದಕ್ಕೂ ತಿಳಿಯದೆ ಹೇಳದಿರುವುದಕ್ಕೂ ಎಷ್ಟು ದೂರ ಎಂಬುದು ಕಾಳಕ್ಕನೊಬ್ಬಳಿಗೆ ಗೊತ್ತಿತ್ತು.

ಎಪ್ಪತ್ತೈದರ ಮಾಘಮಾಸದಲ್ಲಿ ಸುದ್ದಿ ಬಂತು. ಅನುದಾನ ಮುಂದುವರಿಸಬೇಕೋ ಬೇಡವೋ ನೋಡಲು ದಿಲ್ಲಿಯಿಂದ ದೊಡ್ಡವರು ಬರುತ್ತಾರೆ, ರೋಗಿಗಳನ್ನು ಅವರೇ ಮಾತಾಡಿಸುತ್ತಾರೆ. ಇರುವುದನ್ನು ಇರುವ ಹಾಗೆ ನೋಡಲಿ ಎಂದಷ್ಟೇ ಡಾಕ್ಟರು ಎಲ್ಲರಿಗೂ ಹೇಳಿದರು.

ಕಾಳಕ್ಕ ಕುರುಬರ ಮನೆಯಲ್ಲಿ ಹುಟ್ಟಿ ಕುರುಬರ ಮನೆ ಸೇರಿದವಳು. ಕೊಡುವವರ ರೀತಿ ಅವಳಿಗೆ ಗೊತ್ತಿದ್ದದ್ದು ಒಂದೇ ಬಗೆ. ಹೊಲದವರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಂಡು ಕಾಳು ಕೊಡುತ್ತಾರೆ. ಬೆಳಿಗ್ಗೆ ಬಂದು ನೆಲ ನೋಡುತ್ತಾರೆ. ಹಿಕ್ಕೆ ಒತ್ತಾಗಿ ಬಿದ್ದಿದ್ದರೆ ಮುಂದಿನ ವರ್ಷವೂ ಬರ್ರಿ ಅನ್ನುತ್ತಾರೆ, ತೆಳುವಾಗಿದ್ದರೆ ಬೇರೆ ಮಂದೆ ಕರೆಯುತ್ತಾರೆ. ಫಲ ಕಾಣದೆ ಯಾರು ಎರಡನೆಯ ಸಲ ಕೊಡುತ್ತಾರೆ? ಸರ್ಕಾರ ಇಷ್ಟು ದಿನ ಅನ್ನ ಹಾಕಿದೆ, ಡಾಕ್ಟರು ಇಷ್ಟು ಒದ್ದಾಡಿದ್ದಾರೆ, ದಿಲ್ಲಿಯವರ ಮುಂದೆ ಈ ಮನುಷ್ಯ ಗೋಡೆ ನೋಡಿಕೊಂಡು ಕೂತರೆ ಡಾಕ್ಟರ ಮುಖಕ್ಕೆ ಮಸಿ, ಕೋಣೆಗೆ ಬೀಗ. ಅವಳ ಲೆಕ್ಕದಲ್ಲಿ ತಪ್ಪು ಹುಡುಕುವವರು ಹುಡುಕಲಿ, ನನಗೆ ಸಿಕ್ಕಿಲ್ಲ.

ಅವತ್ತಿನಿಂದ ಅವಳು ಗಂಡನಿಗೆ ಪಾಠ ಹೇಳತೊಡಗಿದಳು. ಬರೀ ಮಾತಿನಲ್ಲಿ ಹೇಳಿದರೆ ನಿಲ್ಲಲಿಲ್ಲ. ಕದಿರು ಕೈಗೆ ಕೊಟ್ಟು, ಅದು ತಿರುಗುವ ಲಯಕ್ಕೆ ಕೂಡಿಸಿ ರಾಗವಾಗಿ ಹೇಳಿದರೆ ನಿಂತಿತು. ಊರು ದುರ್ಗ, ತಿಂಗಳು ಮಾಘ, ಮಗ ಒಬ್ಬ ಮಾರಣ್ಣ. ಕೊನೆಯದಕ್ಕೆ ಬಂದಾಗ ಅವಳು ಬಾಗಿಲ ಕಡೆ ನೋಡಿದಳು. ತನ್ನ ಹೆಸರನ್ನು ತಾನೇ ಗಂಡನ ಕಿವಿಯಲ್ಲಿ ಹೇಳುವುದೆಂದರೆ ಹೇಗೆ? ಹನುಮಮ್ಮ ಆಚೆ ಹೋಗುವುದನ್ನು ಕಾದು ಹೇಳಿದಳು. ಗುಡ್ಡಪ್ಪ ನೂಲು ಬಿಡುತ್ತಾ ಬಿಡುತ್ತಾ, “ನನ್ನ ಹೆಂಡ್ತಿ ಹೆಸ್ರು ಕಾಳಕ್ಕ,” ಅಂದ. ಆ ವಯಸ್ಸಿನಲ್ಲಿ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಯುಸ್ಸು ಹೋದರೆ ತನ್ನದೇ ತಾನೇ ಹೋಗುವುದು, ಹೋಗಲಿ ಅಂದುಕೊಂಡಳು. ಇನ್ನೊಂದು ಸಲ ಹೇಳಿಸಿದಳು, ಪಾಠಕ್ಕಲ್ಲ, ಕೇಳುವುದಕ್ಕೆ.

ದಿಲ್ಲಿಯ ಸಮಿತಿಯವರು ಬಂದರು. ಅವರು ಕೆಟ್ಟವರೇನಲ್ಲ. ಮಕ್ಕಳು ವಾಂತಿಭೇದಿಯಿಂದ ಸಾಯುವ ದೇಶದಲ್ಲಿ ಮುದುಕರ ಮರೆವಿಗೆ ದುಡ್ಡು ಸುರಿಯುವುದು ಸರಿಯೇ ಎಂಬ ಅನುಮಾನ ಹೊತ್ತುಕೊಂಡೇ ಬಂದಿದ್ದರು. ಡಾಕ್ಟರು ಬೇರೆ ರೋಗಿಗಳನ್ನು ತೋರಿಸಿದ ಮೇಲೆ, ಎಲ್ಲರಿಗಿಂತ ಸ್ಪಷ್ಟವಾಗಿ ಈ ಕಾಯಿಲೆ ಇರುವವರು ಇವರು ಎಂದು ಗುಡ್ಡಪ್ಪನ ಮುಂದೆ ಕುರ್ಚಿ ಹಾಕಿಸಿದರು. ಗುಡ್ಡಪ್ಪ ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿ, ಕದಿರು ಹಿಡಿದು ಕೂತಿದ್ದ. ಸಮಿತಿಯ ಹಿರಿಯರು ಇಂಗ್ಲಿಷಿನಲ್ಲಿ ಕೇಳಿದರು, ಡಾಕ್ಟರು ಕನ್ನಡದಲ್ಲಿ ಹೇಳಿದರು.

ಊರು ದುರ್ಗ ಅಂದ ಗುಡ್ಡಪ್ಪ. ತಿಂಗಳು ಮಾಘ ಅಂದ. ಮಗ ಒಬ್ಬ ಮಾರಣ್ಣ ಅಂದ. ಡಾಕ್ಟರ ದನಿ ಕೊನೆಯ ಪ್ರಶ್ನೆಗೆ ಬರುವಷ್ಟರಲ್ಲಿ ತೊದಲಿತು.

“ನನ್ನ ಹೆಂಡ್ತಿ ಹೆಸ್ರು ಕಾಳಕ್ಕ.”

ಆ ವಯಸ್ಸಿನ ಯಾವ ಕುರುಬನೂ ಬಾಯಿಬಿಟ್ಟು ಹೇಳದ ಮಾತು ಅದು ಎಂದು ಆ ಕೋಣೆಯಲ್ಲಿ ಡಾಕ್ಟರಿಗೆ ಗೊತ್ತಿತ್ತು. ಅವರು ತಿರುಗಿ ಕಾಳಕ್ಕನ ಮುಖ ನೋಡಿದರು. ಬಾಗಿಲ ಬಳಿ ನಿಂತ ಅವಳ ಮುಖದ ತುಂಬ ಬೆಳಕು. ಎಲ್ಲ ತಿಳಿದುಹೋಯಿತು ಅವರಿಗೆ. ಇನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಹಾಗಾದರೆ ಅಲ್ಲಿ ನಿಂತಿರೋ ಹೆಂಗಸು ಯಾರು ಎಂದು ಕೇಳಿದ್ದರೆ ಗುಡ್ಡಪ್ಪ ಗೋಡೆ ನೋಡುತ್ತಿದ್ದ, ಅನುದಾನ ಉಳಿಯುತ್ತಿತ್ತೋ ಏನೋ. ಡಾಕ್ಟರು ಬಾಯಿ ತೆರೆದರು, ಅವಳನ್ನು ಇನ್ನೊಮ್ಮೆ ನೋಡಿದರು, ಮುಚ್ಚಿಕೊಂಡರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಎದುರಿಗೆ ಸಿಕ್ಕಿದ್ದರೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ, ಅದು ಬೇರೆ ಮಾತು.

ಓದುಬರಹ ಇಲ್ಲದ ಮುಪ್ಪನ್ನೇ ಇಲ್ಲಿ ಕಾಯಿಲೆ ಎಂದು ತಿಳಿದಿದ್ದಾರೆ ಎಂಬ ಅಭಿಪ್ರಾಯ ಬಂತು, ಅದರ ಹಿಂದೆಯೇ ಅನುದಾನ ನಿಂತಿತು. ಹನುಮಮ್ಮನ ಕೆಲಸವೂ ಹೋಗುವುದಿತ್ತು. ಹಾಸಿಗೆ ಸುತ್ತುತ್ತಾ, ನೀನು ಕಲಿಸಿಕೊಟ್ಟದ್ದೇ ಮುಳುವಾಯಿತು ಎಂದು ಕಾಳಕ್ಕನ ಮುಖದ ಮೇಲೆ ಹೇಳಿಬಿಟ್ಟಳು. ಮರೆವು ಇದೆ ಎಂದು ತೋರಿಸಬೇಕಾಗಿತ್ತು, ಇಲ್ಲ ಎಂದಲ್ಲ. ಕಾಳಕ್ಕ ಕೈಲಿದ್ದ ಗಂಟನ್ನು ಅಲ್ಲೇ ಬಿಟ್ಟು ಡಾಕ್ಟರ ಕೋಣೆಗೆ ಓಡಿದಳು.

“ನನ್ನಿಂದ ಹೋಯ್ತಾ ಸಾಮಿ?”

“ಇಲ್ಲ ಕಾಳಕ್ಕ,” ಅಂದರು ಡಾಕ್ಟರು. “ಅವ್ರು ಬರೋವಾಗ್ಲೇ ತೀರ್ಮಾನ ಮಾಡ್ಕಂಡು ಬಂದಿದ್ರು. ನಿಮ್ಮೆಜಮಾನ್ರು ಚೆನ್ನಾಗೇ ಹೇಳಿದ್ರು.”

ಅದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧವನ್ನು ಕಾಳಕ್ಕ ಹಿರಿಯೂರಿನ ಬಸ್ಸಿನಲ್ಲಿ ತಾನೇ ತಿಳಿದುಕೊಂಡಳು. ಪಕ್ಕದಲ್ಲಿ ಗುಡ್ಡಪ್ಪ ಬೆರಳುಗಳನ್ನು ಬರಿದೇ ತಿರುಗಿಸುತ್ತಾ ಊರು ದುರ್ಗ, ತಿಂಗಳು ಮಾಘ ಎಂದು ಹೇಳಿಕೊಳ್ಳುತ್ತಲೇ ಇದ್ದ. ಕಿಟಕಿಗೆ ಮುಖ ಮಾಡಿ ಅವಳು ದಾರಿಯುದ್ದಕ್ಕೂ ಅತ್ತಳು.

ಮಳೆಗಾಲ ಕಳೆಯುವ ಹೊತ್ತಿಗೆ ಗುಡ್ಡಪ್ಪನ ನೆನಪಿನಿಂದ ದುರ್ಗವೂ ಹೋಯಿತು, ಮಾಘವೂ ಹೋಯಿತು, ಮಾರಣ್ಣನೂ ಹೋದ. ಕೊನೆಯ ಸಾಲು ಮಾತ್ರ ಉಳಿಯಿತು. ಗುಡ್ಡಪ್ಪ ಮತ್ತೆ ನಾಲೆಯ ಕಡೆ ಹೋದ. ಮಗ ಮಂದೆಯ ಜೊತೆ ಹೊಸದುರ್ಗದ ಕಡೆ ಹೋಗಿದ್ದ, ಶೇಂಗಾ ಕೀಳುವ ಕಾಲ ಬಂದಿತ್ತು. ಕಾಳಕ್ಕ ತಾನೇ ಏಣಿ ಇಟ್ಟು ಅಟ್ಟ ಹತ್ತಿದಳು. ಕಾಲು ತರಚಬಾರದೆಂದು ಹಳೆಯ ಸೀರೆಯ ತುಂಡನ್ನು ಅವನ ಕಣಕಾಲಿಗೆ ಸುತ್ತಿ, ಅದರ ಮೇಲೆ ಹಗ್ಗ ಸುತ್ತಿ, ನಡುಗಂಬಕ್ಕೆ ಬಿಗಿದಳು. ಗುಡ್ಡಪ್ಪ ಕೊಸರಾಡಲಿಲ್ಲ. ಗೊತ್ತಿಲ್ಲದ ಹೆಂಗಸಿನ ಹತ್ತಿರ ಮಾತಾಡುವಾಗ ತೋರಬೇಕಾದ ಮರ್ಯಾದೆಯಿಂದ, ಕಣ್ಣು ತಗ್ಗಿಸಿ ಕೇಳಿಕೊಂಡ.

“ಬಿಚ್ಚಿಬಿಡ್ರಿ ತಾಯಿ. ಹೊತ್ತಾತು. ಮನೇಲಿ ಕಾಯ್ತಿರ್ತಾಳೆ, ನನ್ನ ಹೆಂಡ್ತಿ. ಅವ್ಳ ಹೆಸ್ರು ಕಾಳಕ್ಕ.”