ಒಣಹುಲ್ಲಿನ ಮೇಲೆ ನಿಂತ ಗಾಡಿ

ಏರಿನ ಮೂರನೇ ತಿರುವಿನಲ್ಲಿ ಆ ಹಳದಿ ದೀಪ ಮತ್ತೆ ಹತ್ತಿತು. ಶಾಕಿರ್ ಆಕ್ಸಿಲರೇಟರ್ ಒತ್ತಿದ. ಗಾಡಿ ಕೇಳಲಿಲ್ಲ. ಇನ್ನಷ್ಟು ಒತ್ತಿದ. ಅದು ಒಮ್ಮೆ ಉಸಿರು ಬಿಟ್ಟು, ಇಪ್ಪತ್ತರ ವೇಗಕ್ಕಿಳಿದು, ಅದಕ್ಕಿಂತ ಮೇಲೆ ಹೋಗುವುದೇ ಇಲ್ಲವೆಂದು ಹಟ ಹಿಡಿಯಿತು.

“ಎಂತ ಆತಾ ತಮಾ?” ಹಿಂದಿನ ಸೀಟಿನಿಂದ ತಿಮ್ಮಕ್ಕ ಕೇಳಿದಳು.

“ಎಂತ ಇಲ್ಲ ತಿಮ್ಮಕ್ಕ. ಮಹಾರಾಜರಿಗೆ ಹೊಟ್ಟೆ ಕಟ್ಟಿದೆ.”

“ಮತ್ತಾ? ಹೋದ ತಿಂಗ್ಳು ಹುಬ್ಬಳ್ಳಿಗೆ ಕರ್ಕಂಡೋಗಿ ಜುಲಾಬು ಕೊಡ್ಸಿದ್ಯಲ್ಲ ಇದಕ್ಕೆ?”

ಬೇರೆ ದಿನವಾಗಿದ್ದರೆ ಶಾಕಿರ್ ನಗುತ್ತಿದ್ದ. ಆದರೆ ಅಂದು ಗುರುವಾರ. ತಿಮ್ಮಕ್ಕನ ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ಸೋಮವಾರ ಮತ್ತು ಗುರುವಾರ, ಬೆಳಿಗ್ಗೆ ಏಳಕ್ಕೆ ಸರಿಯಾಗಿ, ಶಿರಸಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಿಲ್ಕುಂದದಿಂದ ಆ ಹೊತ್ತಿಗೆ ಬಸ್ಸಿಲ್ಲ. ನಸುಕಿನಲ್ಲೇ ಎದ್ದು ಆ ರಸ್ತೆಗೆ ಬರಲು ಶಿರಸಿ ಸ್ಟ್ಯಾಂಡಿನ ಬೇರೆ ಯಾವ ಟ್ಯಾಕ್ಸಿಯವನೂ ಒಪ್ಪಿರಲಿಲ್ಲ. ಒಪ್ಪಿದವನು ಶಾಕಿರ್ ಒಬ್ಬನೇ.

ತೆವಳುತ್ತ ಶಿರಸಿ ಮುಟ್ಟಿದಾಗ ಗಂಟೆ ಎಂಟೂವರೆ. ಅವಳ ಮೆಷಿನ್ನಿಗೆ ಬೇರೊಬ್ಬರನ್ನು ಮಲಗಿಸಿಯಾಗಿತ್ತು. ಮಧ್ಯಾಹ್ನದ ಸರದಿ ಮುಗಿಯಲಿ ಎಂದರು. ಊದಿದ ಕಾಲುಗಳನ್ನು ಬೆಂಚಿನ ಮೇಲಿಟ್ಟುಕೊಂಡು ತಿಮ್ಮಕ್ಕ ಏಳು ತಾಸು ಕೂತಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಶಾಕಿರ್‌ಗೆ ಅಷ್ಟು ಉರಿಯುತ್ತಿರಲಿಲ್ಲ.

ಗಾಡಿ ಕೊಂಡು ಹದಿನಾಲ್ಕು ತಿಂಗಳು. ಇದು ನಾಲ್ಕನೇ ಸಲ. ಮಾರುವಾಗ ಸೇಲ್ಸಿನವನು ಬಾನೆಟ್ಟಿನ ಮೇಲೆ ಕೈಯಾಡಿಸಿ, “ನಿಮ್ಮ ಘಟ್ಟಕ್ಕೆ ಹೇಳಿ ಮಾಡಿಸಿದ ಗಾಡಿ” ಎಂದಿದ್ದ. ಸೈಲೆನ್ಸರಿನ ಹಾದಿಯಲ್ಲಿ ಮಸಿ ಹಿಡಿಯುವ ಫಿಲ್ಟರೊಂದಿದೆ, ಅದು ತುಂಬಿದರೆ ಹಳದಿ ದೀಪ ಹತ್ತಿ ಗಾಡಿ ಏಳುವುದಿಲ್ಲ ಎಂದು ಮಾತ್ರ ಹೇಳಿರಲಿಲ್ಲ. ಅದು ತುಂಬಬಾರದೆಂದರೆ ಗಾಡಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಅರವತ್ತರ ಮೇಲಿನ ವೇಗದಲ್ಲಿ ಇಪ್ಪತ್ತು ನಿಮಿಷ ಎಲ್ಲೂ ನಿಲ್ಲದೆ ಓಡಬೇಕಂತೆ. ಶಿರಸಿ, ಸಿದ್ದಾಪುರದಲ್ಲಿ ಅಂಥ ರಸ್ತೆ ಎಲ್ಲಿದೆ ತೋರಿಸಿ ನೋಡೋಣ! ತಿರುವು ಮುಗಿದರೆ ಹಂಪು, ಹಂಪು ದಾಟಿದರೆ ಹೊಂಡ, ಹೊಂಡ ತಪ್ಪಿಸಿದರೆ ಎದುರಿಗೆ ಬಸ್ಸು.

ಹಾಗೆ ಓಡಿಸಲು ಸಿಗುವುದು ಯಲ್ಲಾಪುರ ದಾಟಿದ ಮೇಲಿನ ಕಿರವತ್ತಿ ರಸ್ತೆ ಮಾತ್ರ. ಭಾನುವಾರ ಬಂತೆಂದರೆ ಶಿರಸಿಯ ಏಳೆಂಟು ಗಾಡಿಗಳು ಅಲ್ಲಿ. ಮದುವೆಯಿಲ್ಲ, ಮುಂಜಿಯಿಲ್ಲ, ಸುಮ್ಮನೆ ಹೋಗುವುದು, ಸುಮ್ಮನೆ ಬರುವುದು. ‘ಮಸಿ ಸುಡೂಕೆ ಹೋಗೂದು’ ಎಂದೇ ಅದಕ್ಕೆ ಹೆಸರು ಬಿದ್ದಿತ್ತು. ಹುಲೇಕಲ್ಲಿನ ವಿಶ್ವೇಶ್ವರ ಹೆಗಡೆಯವರದೂ ಅದೇ ಗಾಡಿ. ಕಿರವತ್ತಿಯ ಚಹಾದಂಗಡಿಯಲ್ಲಿ ಸಿಕ್ಕಾಗ ಅವರು ಹೆಂಡತಿಗೆ ಫೋನಿನಲ್ಲಿ, “ಆನು ಊಟಕ್ಕೆ ಬತ್ನಿಲ್ಲೆ, ದೀಪ ಇನ್ನೂ ಆರಿದ್ದಿಲ್ಲೆ” ಎನ್ನುತ್ತಿದ್ದರು. ಫೋನಿಟ್ಟು ಶಾಕಿರ್ ಕಡೆ ತಿರುಗಿದರು. “ಗಾಳಿ ಚೊಕ್ಕ ಇಡೋ ಗಾಡಿ ಅಂತ ಕೊಟ್ರು ಮಾರಾಯ. ಚೊಕ್ಕ ಇಡೂಕೆ ವಾರಕ್ಕೆ ನೂರೈವತ್ತು ಕಿಲೋಮೀಟರ್ ಬಿಟ್ಟಿ ಡೀಸೆಲ್ ಸುಡ್ಬೇಕು. ಯಾರ ತಲೆಯೋ ಇದು?”

ಶುಕ್ರವಾರ ಬೆಳಿಗ್ಗೆ ಶಾಕಿರ್ ಅದೇ ರಸ್ತೆಯಲ್ಲಿ ಹುಬ್ಬಳ್ಳಿಗೆ ಹೋದ. ಅವನ ತಲೆಯಲ್ಲಿದ್ದದ್ದು ಒಂದೇ: ಸೋಮವಾರ ಏಳು ಗಂಟೆ.

ಸರ್ವಿಸ್ ಸೆಂಟರಿನ ಗಾಜಿನ ಕೋಣೆಯಲ್ಲಿ ವೀರಪ್ಪ ಕುಳಿತಿದ್ದ. ಗಿರಾಕಿಗಳ ಬೈಗುಳವನ್ನು ದಿನವಿಡೀ ಕೇಳುವುದೇ ಅವನ ನೌಕರಿ.

“ಬರ್ರಿ ಶಾಕಿರ್ ಅವ್ರ, ಕುಂದರ್ರಿ. ಚಾ ತಗೋರಿ.”

“ಮೂರು ಸಲಕ್ಕೆ ಮೂರು ಚಹಾ ಕುಡ್ದಾಯ್ತು. ಗಾಡಿ ಯಾವಾಗ ಕೊಡ್ತೀರಿ?”

ವೀರಪ್ಪ ಇಂಗ್ಲಿಷಿನ ಹಾಳೆಯೊಂದನ್ನು ಮುಂದೆ ತಳ್ಳಿದ. “ಇಲ್ಲೊಂದು ಸಹಿ ಮಾಡ್ರಿ. ನಾಳೆ ಸಂಜಿಗೆ ಗಾಡಿ ಕೊಡ್ತೇವಿ.”

“ಮಾಡದಿದ್ರೆ?”

“ಮ್ಯಾಲಿನ ಆಫೀಸಿಂದ ಇಂಜಿನಿಯರ್ ಬಂದು ನೋಡಬೇಕ್ರಿ. ಹದಿನೈದು ದಿನಾ ಆಗ್ಬಹುದು.”

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಶಾಕಿರ್‌ಗೆ ಆ ಹಾಳೆಯಲ್ಲಿ ಬಿಡಿಸಿ ಓದಲು ಬಂದದ್ದು ಅವನ ಹೆಸರು ಮತ್ತು ಗಾಡಿಯ ನಂಬರು. ಫೋಟೊ ತೆಗೆದು ಹೆಂಡತಿ ಸನಾಗೆ ಕಳಿಸಿದ. ಅವಳು ಪಿಯುಸಿ ಮುಗಿಸಿದವಳು. ಎರಡೇ ನಿಮಿಷಕ್ಕೆ ಫೋನು ಬಂತು.

“ಸಹಿ ಮಾಡ್ಬೇಡಿ. ‘ಚಾಲಕನ ತಪ್ಪು ಬಳಕೆಯಿಂದ ಹಾಳಾಗಿದೆ, ಇನ್ಮುಂದೆ ಕಂಪನಿ ಜವಾಬ್ದಾರಿ ಇಲ್ಲ’ ಅಂತ ಬರ್ದಿದಾರೆ.”

ಶಾಕಿರ್‌ನ ಕಿವಿ ಬಿಸಿಯಾಯಿತು. ಅವನ ಅಬ್ಬಾ ನೂರ್ ಅಹ್ಮದ್ ಅರಬೈಲ್ ಘಟ್ಟದಲ್ಲಿ ಮೂವತ್ತು ವರ್ಷ ಲಾರಿ ಇಳಿಸಿ ಹತ್ತಿಸಿದವರು. ನೂರ್‌ಸಾಬರ ಮಗನಿಗೆ ಗಾಡಿ ಹೊಡೆಯಲು ಬರುವುದಿಲ್ಲವೆಂದು ಈ ಗಾಜಿನ ಕೋಣೆ ಹೇಳುತ್ತದೆ! ಅದೂ ಅವನದೇ ಕೈಯಲ್ಲಿ ಬರೆಸಿಕೊಂಡು!

“ಎಂತ ತಪ್ಪು ಮಾಡಿದ್ದೇನೆ? ಹೇಳಿ.”

ವೀರಪ್ಪ ಲ್ಯಾಪ್‌ಟಾಪು ತಿರುಗಿಸಿದ. “ಗಾಡಿ ಮಸಿ ಸುಡಾಕ ಶುರು ಮಾಡಿದಾಗ ನಡುವ ಬಂದ್ ಮಾಡೀರಿ. ಒಂದಲ್ಲ, ಮೂರು ಸಲ. ಹಂಗ ಮಾಡಬಾರದ್ರಿ. ಇಲ್ಲಿ ನೋಡ್ರಿ, ತಾರೀಖು, ಟೈಮು ಎಲ್ಲಾ ಬಂದೈತಿ.”

ಶಾಕಿರ್ ನೋಡಿದ. ಎರಡು ಸೋಮವಾರ, ಒಂದು ಗುರುವಾರ. ಮೂರೂ ಬೆಳಿಗ್ಗೆ ಐದೂವರೆಯ ಆಸುಪಾಸು.

ತಿಮ್ಮಕ್ಕನ ಅಂಗಳ!

ಎಲ್ಲ ನೆನಪಾಯಿತು. ಗದ್ದೆ ಕೊಯ್ಲು ಮುಗಿದು ಅಂಗಳದ ತುಂಬ ಒಣಹುಲ್ಲು ಹರಡಿತ್ತು. ಗಾಡಿ ತಿರುಗಿಸಲು ಬೇರೆ ಜಾಗವಿಲ್ಲ. ಹುಲ್ಲಿನ ಮೇಲೆ ನಿಂತಿದ್ದಾಗ ಫ್ಯಾನು ಇದ್ದಕ್ಕಿದ್ದಂತೆ ಭೋರೆಂದಿತು. ಸುಟ್ಟ ವಾಸನೆ. ಬಗ್ಗಿ ನೋಡಿದರೆ ಗಾಡಿಯ ಅಡಿಯಿಂದ ಒಲೆಯ ಬಾಯಿಯಂಥ ಝಳ. ತಟ್ಟನೆ ಕೀಲಿ ತಿರುಗಿಸಿ ಆಫ್ ಮಾಡಿ, ಗಾಡಿಯನ್ನು ರಸ್ತೆಗೆ ತಳ್ಳಿದ್ದ. ಮೂರು ಸಲವೂ ಹಾಗೆಯೇ. ಅದು ಮಸಿ ಸುಡುವ ಹೊತ್ತೆಂದು ಅವನಿಗೆ ಹೇಳಿದವರಾರು?

“ವೀರಪ್ಪನವರೇ, ಅಡಿಯಲ್ಲಿ ಒಣಹುಲ್ಲಿತ್ತು. ಆಫ್ ಮಾಡದೆ ಹೋಗಿದ್ರೆ ಬಡವರ ಮನೆ ಹತ್ತಿ ಉರೀತಿತ್ತು. ಆವಾಗ ಯಾವ ಫಾರ್ಮ್ ತರ್ತಿದ್ರಿ?”

ಫೋನು ಇನ್ನೂ ಚಾಲೂ ಇತ್ತು. ಸನಾ, “ಒಂದ್ ನಿಮಿಷ ತಡೀರಿ” ಎಂದಳು. ಬೀರು ತೆರೆದ ಸದ್ದು. ಕೊಂಡ ದಿನದಿಂದ ಪ್ಲಾಸ್ಟಿಕ್ ಚೀಲದಲ್ಲೇ ಇದ್ದ ಗಾಡಿಯ ಪುಸ್ತಕ ಹೊರಬಂತು. ಶಾಕಿರ್ ಸ್ಪೀಕರ್ ಹಾಕಿದ.

“ಸಿಕ್ತು. ‘ಫಿಲ್ಟರ್ ಸ್ವಚ್ಛವಾಗುವಾಗ ಇಂಜಿನ್ ನಿಲ್ಲಿಸಬೇಡಿ.’ ಅದರ ಮುಂದಿನ ಪುಟದಲ್ಲೇ ಇದೆ ಕೇಳಿ. ‘ಆಗ ಗಾಡಿಯ ಅಡಿಭಾಗ ವಿಪರೀತ ಕಾಯುತ್ತದೆ. ಒಣಹುಲ್ಲು, ತರಗೆಲೆ ಇರುವಲ್ಲಿ ನಿಲ್ಲಿಸಬೇಡಿ. ಬೆಂಕಿ ಹತ್ತಬಹುದು.’”

“ನಿಲ್ಲಿಸಲೂಬಾರದು, ನಿಲ್ಲಲೂಬಾರದು. ನಾನೇನು ಹಾರಬೇಕಾ?” ಶಾಕಿರ್ ಮೇಜು ಗುದ್ದಿದ. ಕಾಯುತ್ತಿದ್ದ ಗಿರಾಕಿಗಳು ತಿರುಗಿ ನೋಡಿದರು.

ವೀರಪ್ಪ ತಗ್ಗಿದ ದನಿಯಲ್ಲಿ ಹೇಳಿದ. “ನೀವ್ ಹೇಳೂದು ಖರೇನ ಐತ್ರಿ. ನಾ ಇಲ್ಲಾ ಅನ್ನಂಗಿಲ್ಲ. ಆದ್ರ ಈ ಫಾರ್ಮಿನ್ಯಾಗ ಹುಲ್ಲಿಗೆ ಕಾಲಂ ಇಲ್ರಿ.”

ಶಾಕಿರ್ ಗಡಿಯಾರ ನೋಡಿದ. ಸಹಿ ಹಾಕದಿದ್ದರೆ ಮರ್ಯಾದೆ ಉಳಿಯುತ್ತದೆ, ತಿಮ್ಮಕ್ಕನ ಸರದಿ ಹೋಗುತ್ತದೆ. ಒಂದಲ್ಲ, ನಾಲ್ಕು ಸರದಿ. ಬೆಂಚಿನ ಮೇಲೆ ಚಾಚಿದ್ದ ಆ ಊದಿದ ಕಾಲುಗಳು ಕಣ್ಣಿಗೆ ಕಟ್ಟಿದವು. ಅವನು ಪೆನ್ನು ಎಳೆದುಕೊಂಡ. ಸಹಿ ಮಾಡುವ ಗೆರೆಯ ಮೇಲೆ ಖಾಲಿಯಿದ್ದಷ್ಟೂ ಜಾಗದಲ್ಲಿ, ಎಂಟನೇ ಕ್ಲಾಸಿನ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದ:

‘ಇಂಜಿನ್ ಆಫ್ ಮಾಡಿದ್ದು ನಾನೇ. ಅಡಿಯಲ್ಲಿ ಒಣಹುಲ್ಲು ಇತ್ತು. ಇನ್ನೊಂದು ಸಲವೂ ಆಫ್ ಮಾಡುತ್ತೇನೆ. ತಪ್ಪು ನನ್ನದಲ್ಲ.’

ಕೆಳಗೆ ಸಹಿ ಹಾಕಿದ.

ವೀರಪ್ಪ ಓದಿದ. ಅತ್ತಿತ್ತ ನೋಡಿ, “ಇರ್ಲಿ ಬಿಡ್ರಿ, ನಡೀತೈತಿ. ಮ್ಯಾಲಿನವ್ರಿಗೆ ಕನ್ನಡ ಓದಾಕ ಬರೂದಿಲ್ಲ” ಎಂದ.

ಒಳ್ಳೆಯದಕ್ಕೇ ಹೇಳಿದ ಮಾತದು. ಆದರೆ ಶಾಕಿರ್‌ಗೆ ಕೆನ್ನೆಗೆ ಬಾರಿಸಿದಂತಾಯಿತು. “ಅವರಿಗೆ ಬರೂದಿಲ್ಲ. ನಿಮಗೆ ಬರ್ತದಲ್ಲ? ಓದಿ. ಇಲ್ಲಿದ್ದವರಿಗೆಲ್ಲ ಕೇಳೋ ಹಾಗೆ ಓದಿ. ಆಮೇಲೆ ಸೀಲು ಹೊಡೆದು ನನಗೊಂದು ನಕಲು ಕೊಡಿ. ಅಲ್ಲೀತನಕ ಈ ಕುರ್ಚಿ ಬಿಟ್ಟು ಏಳೂದಿಲ್ಲ.”

ವೀರಪ್ಪ ಬೆವರೊರೆಸಿಕೊಂಡ. ಮೊದಲ ಸಾಲು ಗಂಟಲಲ್ಲೇ ಓದಿದ, ಕೊನೆಯದನ್ನು ಗಟ್ಟಿಯಾಗಿ. ಮೂಲೆಯಲ್ಲಿ ಕೂತಿದ್ದ ಮುದುಕರೊಬ್ಬರು ತಮ್ಮ ಮುಂದಿದ್ದ ಹಾಳೆಯನ್ನು ಎತ್ತಿಕೊಂಡು, “ತಮ್ಮಾ, ನಂದರಾಗ ಏನ್ ಬರದಾರ ನಿನ್ನ ಹೇಣ್ತಿಗೆ ಕೇಳಪಾ” ಎಂದರು.

ಶನಿವಾರ ಸಂಜೆ ಗಾಡಿ ಸಿಕ್ಕಿತು. ಶಾಕಿರ್ ತಿಮ್ಮಕ್ಕನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ. ಹುಲ್ಲಿನ ಕತೆ ಹೇಳಬಾರದಿತ್ತು.

ಸೋಮವಾರ ನಸುಕಿನಲ್ಲಿ ನಿಲ್ಕುಂದ ಮುಟ್ಟಿದಾಗ, ಅಂಗಳದ ನಡುವೆ ಗಾಡಿಯಷ್ಟೇ ಅಗಲದ ಜಾಗ ಖಾಲಿಯಿತ್ತು. ಗುಡಿಸಿ ನೀರು ಚಿಮುಕಿಸಿಯಾಗಿತ್ತು. ಹುಲ್ಲೆಲ್ಲ ಬೇಲಿಯ ಬುಡದಲ್ಲಿ ರಾಶಿ. ಚೀಲ ಹಿಡಿದು ನಿಂತಿದ್ದ ತಿಮ್ಮಕ್ಕ ಏದುಸಿರು ಬಿಡುತ್ತಿದ್ದಳು.

“ಯಾರು ಹೊತ್ತದ್ದು ಇದನ್ನ?”

“ನಾನೇಯಾ. ಗಾಡಿ ಸಾಯ್ಬ್ರು ನಿಲ್ಲೂಕೆ ಜಾಗ ಬೇಡ್ವನಾ?”

ಡಯಾಲಿಸಿಸ್ಸಿನ ಸೂಜಿ ಚುಚ್ಚುವ ಕೈಯಲ್ಲಿ ಭಾರ ಎತ್ತಲೇಬಾರದೆಂದು ಡಾಕ್ಟರು ಅವನೆದುರೇ ಹೇಳಿದ್ದರು.  ಗಾಡಿ ಮಾಡಿದವರು ಬದಲಾಗಲಿಲ್ಲ, ಮಾರಿದವರು ಬದಲಾಗಲಿಲ್ಲ. ಕಡೆಗೆ ಬದಲಾದದ್ದು ಕಿಡ್ನಿ ಹೋದ ಹೆಂಗಸಿನ ಅಂಗಳ!

ಅವನು ಗಾಡಿಯನ್ನು ಒಳಗೆ ತರಲೇ ಇಲ್ಲ. ರಸ್ತೆಯಲ್ಲೇ ಬಿಟ್ಟು, ಅವಳ ಚೀಲ ಹಿಡಿದು, ಅವಳನ್ನು ಗಾಡಿಯತನಕ ನಡೆಸಿಕೊಂಡು ಹೋದ. ಆಸ್ಪತ್ರೆಯ ಬಾಗಿಲಲ್ಲಿ ಗಂಟೆ ಆರು ಐವತ್ತು.

ಮಧ್ಯಾಹ್ನ ಅವಳನ್ನು ಮನೆಗೆ ಬಿಟ್ಟವನು ಅಂಗಿಯ ತೋಳು ಮಡಚಿ ಬೇಲಿಯ ಬುಡಕ್ಕೆ ಹೋದ. ಹೊರೆ ಹೊರೆಯಾಗಿ ಹುಲ್ಲು ತಂದು ಅಂಗಳದ ತುಂಬ ಮೊದಲಿನಂತೆ ಹರಡಿದ. ತಿಮ್ಮಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತು ನೋಡುತ್ತಿದ್ದಳು.

“ಹುಚ್ಚಾ, ಗುರುವಾರ ಗಾಡಿ ಎಲ್ಲಿ ತಿರುಗಿಸ್ತ್ಯಾ?”

“ತಿರುಗಿಸೂದೇ ಇಲ್ಲ, ರಿವರ್ಸಿನಲ್ಲೇ ಹಿಂದೆ ಹಿಂದೆ ಹೊಡ್ಕೊಂಡು ಹೋಗ್ತೇನೆ. ನೂರ್‌ಸಾಬರ ಮಗನಿಗೆ ಅಷ್ಟು ಬರ್ತದೆ.”

“ದೀಪ ಹತ್ತಿದ್ರೆ?”

“ಹತ್ತಲಿ,” ಎಂದ ಶಾಕಿರ್, ಕೊನೆಯ ಹೊರೆ ಬಿಚ್ಚುತ್ತ. “ತಪ್ಪು ನನ್ನದಲ್ಲ ಅಂತ ಬರೆದು ಕೊಟ್ಟು ಬಂದಿದ್ದೇನೆ.”