ಆಸ್ಯಮ್ಮನ ಮನೆಯ ಕಂಜಿ

“ಇದನ್ನು ಹಗ್ಗ ಹಿಡಿದು ನಡೆಸುವುದಾ, ಹೊತ್ತುಕೊಂಡು ಹೋಗುವುದಾ?”

ಆಸ್ಯಮ್ಮನ ಮನೆಯಂಗಳದಲ್ಲಿ ನಿಂತು ಮೋಕ್ಷಿತಾ ಕೇಳಿದಳು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಆಸ್ಯಮ್ಮ ಒಳಗೆ ನಮಾಜಿನಲ್ಲಿದ್ದರು. ತೆಂಗಿನ ಬುಡಕ್ಕೆ ಕಟ್ಟಿದ್ದ ಕಪ್ಪು ಕರು ಕಿವಿ ಆಡಿಸಿತು, ಅಷ್ಟೆ.

ಈಗ ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಹೇಳುವ ಮೋಕ್ಷಿತಾ ಆಗ ಆರನೇ ಕ್ಲಾಸು. ಬಂಟ್ವಾಳದಿಂದ ವೇಣೂರಿಗೆ ಗೈಡ್ಸ್ ಕ್ಯಾಂಪಿಗೆ ಬಂದವಳು. ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಗುಡಿಸುವ ಸೇವೆ, ಆಮೇಲೆ ಹಗ್ಗದಲ್ಲಿ ಗಂಟು ಹಾಕುವ ಪಾಠ, ರಾತ್ರಿ ಡೇರೆಯಲ್ಲಿ ಸೊಳ್ಳೆಗಳಿಗೆ ರಕ್ತದಾನ. ಎಲ್ಲವನ್ನೂ ಅವಳು ಸಹಿಸಿದ್ದು ಒಂದೇ ಆಸೆಗೆ: ವಿನೋದಾ ಟೀಚರ ಕೊರಳಲ್ಲಿ ಹಸಿರು ದಾರಕ್ಕೆ ತೂಗುತ್ತಿದ್ದ ಹಿತ್ತಾಳೆಯ ವಿಸಿಲ್.

“ಹೇಳಿದ ಕೆಲಸವನ್ನು ಮರುಪ್ರಶ್ನೆ ಕೇಳದೆ ಮಾಡುವವಳೇ ಲೀಡರ್. ವಿಸಿಲ್ ಅವಳಿಗೆ,” ಎಂದಿದ್ದರು ಟೀಚರು. ಗುರುವಾಕ್ಯ! ಮೋಕ್ಷಿತಾ ಅದನ್ನು ಭಜನೆಯ ಪಲ್ಲವಿಯಂತೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

ಅಂದು ಮಧ್ಯಾಹ್ನ ಗೆಳತಿ ಶಬ್ನಾ ಓಡಿ ಬಂದು, “ಬಸ್‌ಸ್ಟ್ಯಾಂಡಿನ ಆಚೆ ಮನೆಯ ಆಸ್ಯಮ್ಮ ನಮಗೆಲ್ಲ ಕಂಜಿ ಕೊಡ್ತಾರಂತೆ. ನೀನು ಹೋಗಿ ತರಬೇಕಂತೆ, ಟೀಚರು ಹೇಳಿದ್ರು,” ಎಂದಳು. ಶಬ್ನಾಳ ಮನೆಮಾತು ಬ್ಯಾರಿ. ಅದರಲ್ಲಿ ಕಂಜಿ ಎಂದರೆ ಗಂಜಿ. ಮೋಕ್ಷಿತಾಳದ್ದು ತುಳು, ಅದರಲ್ಲಿ ಕಂಜಿ ಎಂದರೆ ಕರು. ಇಷ್ಟೊಂದು ಹುಡುಗಿಯರಿಗೆ ಕರು ಏತಕ್ಕೆ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ನುಂಗಿದಳು. ಕರುವನ್ನು ಮೀಯಿಸುವ ಸೇವೆ ಇರಬಹುದು.

ಆಸ್ಯಮ್ಮನ ಜಗಲಿಯಲ್ಲಿ ಬಿಸಿ ಪಾತ್ರೆಯೊಂದು ದಾರಿಗೆ ಅಡ್ಡವಾಗಿತ್ತು. ಅದನ್ನು ಜೋಪಾನವಾಗಿ ಬದಿಗೆ ಸರಿಸಿ, ಆಗಷ್ಟೇ ಕಲಿತ ಗಂಟನ್ನು ಕರುವಿನ ಕೊರಳಿಗೆ ಹಾಕಿ, ಹಗ್ಗದ ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡಳು. ಆಮೇಲೆ ಯಾರು ಯಾರನ್ನು ಕರೆದೊಯ್ದರೆಂದು ಹೇಳುವುದು ಕಷ್ಟ. ಕರು ಓಡಿತು, ಗಂಟು ಬಿಚ್ಚಿಕೊಳ್ಳಲಿಲ್ಲ. ಬೆಳಿಗ್ಗೆ ಗುಡಿಸಿದ ಬಸ್‌ಸ್ಟ್ಯಾಂಡಿನ ನಟ್ಟನಡುವೆ ನಿಂತು ಅದು ಸೆಗಣಿ ಹಾಕಿತು.

“ಹತ್ತುವುದಾದರೆ ಬೇಗ ಹತ್ತಿ ಮಾರಾಯ್ರೆ!” ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಕೂಗಿದ. “ಕರುವಿಗೆ ಫುಲ್, ಹುಡುಗಿಗೆ ಹಾಫ್!”

ಕ್ಯಾಂಪಿನಲ್ಲಿ ಹುಡುಗಿಯರು ತಟ್ಟೆ ಹಿಡಿದು, ಕಣ್ಣು ಮುಚ್ಚಿ, ಊಟದ ಪ್ರಾರ್ಥನೆ ಹೇಳುತ್ತಿದ್ದರು. ಕಣ್ಣು ತೆರೆದರೆ ಎದುರಿಗೆ ಕರು.

“ಇದೆಂಥದ್ದು ಮಾರಾಯ್ತಿ?” ಎಂದರು ವಿನೋದಾ ಟೀಚರು.

“ಕಂಜಿ, ಟೀಚರ್.”

“ಅಯ್ಯೋ, ನಾನು ಹೇಳಿದ್ದು ಕುಡಿಯುವ ಕಂಜಿ!” ಶಬ್ನಾ ಹಣೆ ಚಚ್ಚಿಕೊಂಡಳು.

“ಇದೂ ಕುಡಿಯುವ ಕಂಜಿಯೇ. ಇನ್ನೂ ಹುಲ್ಲು ಮುಟ್ಟುವುದಿಲ್ಲ,” ಎಂದಳು ಮೋಕ್ಷಿತಾ.

ಅಷ್ಟರಲ್ಲಿ ಆಸ್ಯಮ್ಮ ಗಂಜಿಯ ಪಾತ್ರೆ ಹೊತ್ತು, ಏದುಸಿರು ಬಿಡುತ್ತ ಬಂದರು. “ಮೋಳೇ, ನನ್ನ ಮಗಳೇ, ಪಾತ್ರೆ ಬದಿಗಿಟ್ಟು ಕರು ಕೊಂಡುಬಂದದ್ದಾ? ನಿನ್ನ ಬುದ್ಧಿ ಎಲ್ಲಿ ಉಂಟು?” ಬೈಯಲು ಹೊರಟವರು ನಗು ತಡೆಯಲಾರದೆ ನೆಲಕ್ಕೇ ಕೂತುಬಿಟ್ಟರು.

ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಏನೇ ಆಗಲಿ, ಇವಳು ಮರುಪ್ರಶ್ನೆ ಕೇಳಲಿಲ್ಲ,” ಎಂದು ವಿಸಿಲನ್ನು ಕೊರಳಿಂದ ತೆಗೆದರು. ಹಿತ್ತಾಳೆ ಬಿಸಿಲಿಗೆ ಫಳಕ್ಕೆಂದಿತು. “ಇನ್ನೊಂದೇ ಕೆಲಸ. ಆ ಕಂಜಿಯನ್ನು ಮಾವಿನ ಮರದಡಿಗೆ ಕೊಂಡುಹೋಗು. ವಿಸಿಲ್ ನಿನಗೇ.”

ಮೋಕ್ಷಿತಾ ಪಾತ್ರೆಯನ್ನು ನೋಡಿದಳು. ಕರುವನ್ನು ನೋಡಿದಳು. ತುಟಿ ಬಿಗಿಹಿಡಿದಳು. ಪ್ರಶ್ನೆ ತಡೆಯಲಾಗಲಿಲ್ಲ.

“ಯಾವ ಕಂಜಿ, ಟೀಚರ್?”

ಹುಡುಗಿಯರೆಲ್ಲ ಹೋ ಎಂದರು. ವಿಸಿಲ್ ಮತ್ತೆ ಟೀಚರ ಕೊರಳೇರಿತು.

“ಒಮ್ಮೆ ಊದಿ ವಾಪಸ್ ಕೊಡ್ತೇನೆ, ಟೀಚರ್. ಒಂದೇ ಒಂದು ಸಲ.”

“ಕೊಡುವುದಿಲ್ಲ,” ಎಂದರು ಟೀಚರು.